ಒಂದು ಮೊಳ ಹೆಚ್ಚಿನ ಕೌದಿ

ಮಗಳು ಬಿಳಿ ಬಟ್ಟೆಯನ್ನು ಕೆಳಕ್ಕೆ ಎಳೆದಳು. ಅಪ್ಪನ ಎದೆ ಹೊರಬಂತು. ಮೇಲಕ್ಕೆ ಎಳೆದಳು, ಪಾದಗಳೆರಡೂ ಹೊರಬಂದವು. ಓರೆಯಾಗಿ ಹೊದಿಸಿ ನೋಡಿದಳು. ಒಂದು ಭುಜ, ಒಂದು ಪಾದ ಹೊರಗುಳಿದವು. ಗೋಡೆಗೊರಗಿ ಕೂತಿದ್ದವರೆಲ್ಲ ನೋಡಿಯೂ ನೋಡದ ಹಾಗಿದ್ದರು.

"ಆರೂಕಾಲು ಅಡಿ ಆಳು. ಶವದ ಬಟ್ಟೆ ಮಾರೋನಿಗೇನು ಗೊತ್ತು?" ಎಂದರು ಚಿಕ್ಕಪ್ಪ. "ಇನ್ನೊಂದು ಬೆಡ್‌ಶೀಟ್ ಹಾಕಿದ್ರಾಯ್ತು ಬಿಡು."

"ಬೇಡ ಚಿಕ್ಕಪ್ಪ. ಬೀದಿಗೆಲ್ಲ ಕೌದಿ ಹೊಲಿದುಕೊಟ್ಟೋರು ಇವರು. ತಮ್ಮ ಕೈಯ ಕೌದಿ ಹೊದ್ದೇ ಹೋಗ್ಬೇಕು. ಕಾಲು ಮುಚ್ಚದೆ ನಾನು ಕಳಿಸಲ್ಲ."

"ಹಾಗಾದ್ರೆ ತೆಗಿ ಒಂದು."

"ಎಲ್ಲಿದೆ? ಮನೇಲಿದ್ದ ಕೊನೇದನ್ನ ಮೊನ್ನೆ ಆಸ್ಪತ್ರೆಲಿ ಪಕ್ಕದ ಮಂಚದ ಅಜ್ಜನಿಗೆ ಹೊದಿಸಿಬಿಟ್ರು. ನನಗೆ ಸೆಕೆ ಆಗ್ತಿದೆ ಅಂತ ಸುಳ್ಳು ಬೇರೆ."

ಕರೆಂಟು ಕಂಬ ಹತ್ತುವ ಲೈನ್‌ಮನ್ ಕೆಲಸ, ಅದಕ್ಕೆ ತಕ್ಕ ಎತ್ತರ. ಬೀದಿಯವರು ಅವರನ್ನು ಏಣಿಯಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೈದು ವರ್ಷ ಹಗಲಿಡೀ ತಂತಿ ಬಿಗಿದರು, ಸಂಜೆ ಬಂದು ದಾರ ಬಿಗಿದರು. ಮದುವೆಯಾದವರಿಗೆ ಒಂದು ಕೌದಿ, ಮಗು ಹೆತ್ತವರಿಗೆ ಒಂದು, ಏನೂ ಆಗದೆ ಸುಮ್ಮನೆ ಇದ್ದವರಿಗೂ ಒಂದು. ಹಳೆಯ ಅಂಗಿ, ಕಿಟಕಿಯ ಪರದೆ, ದಿಂಬಿನ ಚೀಲ, ಯಾವುದಾದರೂ ಸರಿ. ಅಳತೆ ಮಾತ್ರ ಎಲ್ಲರಿಗೂ ಒಂದೇ. ನೆಲದ ಮೇಲೆ ತಾವೇ ಅಂಗಾತ ಮಲಗಿ, ಪಾದದಿಂದಾಚೆ ಒಂದು ಮೊಳ ಬಿಟ್ಟು ಮಗಳ ಕೈಲಿ ಸೀಮೆಸುಣ್ಣದ ಗೆರೆ ಎಳೆಸುತ್ತಿದ್ದರು. ಹೊದೆಯುವವರು ಐದಡಿಯ ಗಿಡ್ಡರಾದರೂ ಗೆರೆ ಅಲ್ಲೇ.

"ಅವರಿಗೆ ಇಷ್ಟುದ್ದ ಯಾಕಪ್ಪಾ?" ಎಂದು ಮಗಳು ಕೇಳಿದರೆ, "ಇರಲಿ ಬಿಡೇ, ಉಳಿದ್ರೆ ಉಳಿಯತ್ತೆ, ಕಡಿಮೆ ಬೀಳಬಾರದು," ಎನ್ನುತ್ತಿದ್ದರು.

*

ಏಣಿಯಣ್ಣ ಹಿರಿಯ ಮಗನಾಗಿ ಹುಟ್ಟಿದ್ದು ಐದು ಮಕ್ಕಳಿಗೆ ಒಂದೇ ಕೌದಿಯಿದ್ದ ಮನೆಯಲ್ಲಿ. ಎಲ್ಲಕ್ಕಿಂತ ಚಿಕ್ಕವನು ನಡುವೆ, ಹಿರಿಯವನು ಬಾಗಿಲ ಕಡೆಯ ಅಂಚಿಗೆ. ಹಿರಿಯವನು ಹನ್ನೆರಡು ತುಂಬುವಷ್ಟರಲ್ಲಿ ತನ್ನ ಅಪ್ಪನೆತ್ತರ ಬೆಳೆದುಬಿಟ್ಟಿದ್ದ. ಬೇರೆಯವರ ಮಕ್ಕಳು ಬೆಳೆದರೆ ಅಂಗಿ ಗಿಡ್ಡವಾಗುತ್ತದೆ, ಇವನಿಗೆ ಕೌದಿಯೂ ಗಿಡ್ಡವಾಯಿತು.

ಒಂದು ಬೆಳಗ್ಗೆ ಎಬ್ಬಿಸಲು ಬಂದ ಅಮ್ಮ ಅವನ ಪಾದ ಮುಟ್ಟಿ ಬೆಚ್ಚಿಬಿದ್ದರು.

"ಏನೋ ಇದು, ಇಷ್ಟು ತಣ್ಣಗಾಗಿದೆ! ಕೌದಿ ಕೆಳಗೆ ಎಳ್ಕೋಬಾರದೇನೋ?"

"ಎಳ್ಕೊಂಡ್ರೆ ಚಿಕ್ಕೋನ ಕುತ್ತಿಗೆ ಬರಿದಾಗತ್ತಮ್ಮ."

ಚಿಕ್ಕವನು ನಡುವೆ ಮಲಗಿ ಕಣ್ಣು ಮುಚ್ಚಿಕೊಂಡೇ ಅದನ್ನು ಕೇಳಿಸಿಕೊಂಡ. ಎಚ್ಚರವಾಗಿದ್ದೇನೆಂದು ಹೇಳಲಿಲ್ಲ. ಬೆಚ್ಚಗಿತ್ತು, ಏಳಲು ಮನಸ್ಸಾಗಲಿಲ್ಲ.

ಕೆಲಸ ಸಿಕ್ಕಿದ ವರ್ಷವೇ ಹಿರಿಯವನು ಸೂಜಿ ಹಿಡಿದ. ಹೊಲಿಗೆ ಬಾರದು, ತಂತಿ ಬಿಗಿಯುವುದು ಮಾತ್ರ ಗೊತ್ತು, ಹಾಗೇ ಬಿಗಿದ. ಆ ಮೊದಲ ಕೌದಿಯನ್ನು ನೋಡಿ ಹೊಸದಾಗಿ ಬಂದ ಹೆಂಡತಿ, "ಇದನ್ನ ಹೊದಿಯೋದಾ, ಇಲ್ಲಾ ಬಾಗಿಲಿಗೆ ಹಲಗೆ ಮಾಡ್ಕೊಳ್ಳೋದಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಎರಡನೆಯದರಿಂದ ಕೈ ಹದವಾಯಿತು. ನಾಲ್ವರು ತಮ್ಮ ತಂಗಿಯರಿಗೆ ನಾಲ್ಕು ಕೌದಿ ಮುಗಿಸಿದ ಮೇಲೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

*

ಅಪ್ಪ ಕೊಟ್ಟ ಕೌದಿಯೊಂದನ್ನು ಕೇಳಿ ತರಲು ಮಗಳು ಬೀದಿಗಿಳಿದಳು. ಮೊದಲ ಮನೆ ಅಂಚೆಯವರದು. ಪಾಪ, ಬೀರು ತೆಗೆದು ಕೌದಿಯನ್ನು ತಾವೇ ಬಿಡಿಸಿ ಹಿಡಿದರು. ಅದು ಅವರ ಗಲ್ಲದಿಂದ ಹಿಮ್ಮಡಿಯವರೆಗೆ ಸರಿಯಾಗಿತ್ತು.

"ಉದ್ದ ಜಾಸ್ತಿ ಆಗ್ತಿತ್ತಮ್ಮ," ಎಂದರು ಸಣ್ಣ ದನಿಯಲ್ಲಿ. "ಕತ್ತರಿಸಿ ಅಂಚು ಹೊಲಿಸಿಬಿಟ್ವಿ."

"ಆ ತುಂಡು?"

ಅಂಚೆಯವರ ಕಣ್ಣು ಬಾಗಿಲ ಕಾಲೊರಸಿನತ್ತ ಹೋಯಿತು. ಮಗಳು ಕೆಳಗೆ ನೋಡಿದಳು. ಅದರ ಮೇಲೇ ನಿಂತಿದ್ದಳು.

ಎರಡನೆಯ ಮನೆಯಲ್ಲಿ ಅವರ ಕೌದಿಯ ತುಂಡು ಚೀಲವಾಗಿತ್ತು. ಮೂರನೆಯ ಮನೆಯಲ್ಲಿ ಕುರ್ಚಿಯ ಮೆತ್ತೆಯಾಗಿತ್ತು. ಬೀದಿಗೆ ಬೀದಿಯೇ ಅಪ್ಪನ ಒಂದು ಮೊಳವನ್ನೂ ಮೇಲಿಷ್ಟನ್ನೂ ಕತ್ತರಿಸಿ ಹಾಕಿದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಮನೆಗೆ ಬಂದು ಚಿಕ್ಕಪ್ಪನ ಮೇಲೆ ಹರಿಹಾಯ್ದಳು.

"ನಿಮ್ಮದಾದ್ರೂ ತನ್ನಿ. ಒಡಹುಟ್ಟಿದೋರು ನೀವು!"

ಚಿಕ್ಕಪ್ಪ ತಲೆ ತಗ್ಗಿಸಿದರು. "ನಂದೂ ಕತ್ತರಿಸಿದ್ದೇ ಕಣಮ್ಮ. ಆ ತುಂಡನ್ನ ನಾಯಿಗೆ ಹಾಸಿದೀನಿ. ಅಣ್ಣ ಬಂದಾಗ ನೋಡಿದ್ದ."

"ನೋಡಿದ್ರಾ? ಏನಂದ್ರು?"

"ನಾಯಿ ಕಾಲು ಹೊರಗೆ ಬರ್ತಿಲ್ಲ ತಾನೇ, ಅಂದ."

ಹೇಳುತ್ತ ಹೇಳುತ್ತ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಅರವತ್ತು ದಾಟಿದ ಮನುಷ್ಯ ಮಗುವಿನ ಹಾಗೆ ಬಿಕ್ಕಿದರು. "ನಡುವೆ ಮಲಗ್ತಿದ್ದೋನು ನಾನೇ," ಎಂದು ಎರಡೆರಡು ಸಲ ಅಂದರು.

ಮಗಳ ಸಿಟ್ಟು ಅಲ್ಲಿಗೆ ಇಳಿದುಹೋಯಿತು. ಅಪ್ಪನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಕೌದಿಗೆ ಅದೇ ಜಾಗದಲ್ಲಿ ಗೆರೆ ಎಳೆಸುತ್ತಿದ್ದರು. ಅಂಥ ಮನುಷ್ಯ ಇನ್ನೊಬ್ಬರು ಸಿಕ್ಕುವುದು ಕಷ್ಟ.

ಆ ಹೊತ್ತಿಗೆ ಎದುರಿನ ಇಸ್ತ್ರಿ ಅಂಗಡಿಯ ಅಕ್ಕ ಬಂದಳು. ಎದೆಯ ಮೇಲಿಡಲು ಏಣಿಯಣ್ಣನ ಖಾಕಿ ಅಂಗಿಯನ್ನು ಗರಿಗರಿ ಮಾಡಿ ತಂದಿದ್ದಳು. ವಿಷಯ ಕೇಳಿ ಅಂಗಿಯನ್ನು ಚಿಕ್ಕಪ್ಪನ ಕೈಗಿಟ್ಟಳು.

"ನಾನೂ ಕತ್ತರಿಸಿದೀನಿ. ನನ್ನ ಎತ್ತರ ನೋಡಿ, ಇನ್ನೇನು ಮಾಡಲಿ? ಆದ್ರೆ ತುಂಡು ಎಲ್ಲೂ ಹೋಗಿಲ್ಲ, ನನ್ನ ಇಸ್ತ್ರಿ ಮೇಜಿಗೆ ಹಾಸಿದೀನಿ. ಕೌದಿನೂ ಇದೆ. ಸೂಜಿ ತಗೊಂಡು ಬಾ."

ಇಸ್ತ್ರಿ ಮೇಜಿನ ಮೇಲೆ ಎರಡನ್ನೂ ಜೋಡಿಸಿಟ್ಟರು. ಕೌದಿಯ ಬಣ್ಣ ಇನ್ನೂ ಉಳಿದಿತ್ತು, ತುಂಡು ಹೊಗೆ ಹಿಡಿದಂತೆ ಕಪ್ಪಾಗಿತ್ತು. ಮಗಳು ಎಡದಿಂದ, ಅಕ್ಕ ಬಲದಿಂದ ಹೊಲಿಯಲು ಶುರುಮಾಡಿದರು. ಶವ ಒಯ್ಯಲು ಬಂದಿದ್ದ ವ್ಯಾನಿನ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ, ಮೂರನೆಯ ಸಲ ಇಳಿದೇ ಬಂದ.

"ಅಮ್ಮಾ, ನಾನು ಇನ್ನೊಂದು ಕಡೆ ಹೋಗ್ಬೇಕು. ಇದೇನು ಈಗ ಹೊಲಿಗೆ?"

"ಅಪ್ಪನ ಕಾಲಿಗೆ ಸಾಲ್ತಿಲ್ಲ," ಎಂದಳು ಮಗಳು ತಲೆಯೆತ್ತದೆ.

ಅವನು ಹತ್ತಿರ ಬಂದು ಬಟ್ಟೆಯ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದ. "ಹೀಗೆ ಹಿಡಿದ್ರೆ ಬೇಗ ಆಗತ್ತೆ," ಎಂದ.

ಎರಡು ಸೂಜಿಗಳೂ ನಡುವೆ ಸೇರಿದವು. ಹೊಲಿಗೆ ಸೊಟ್ಟಪಟ್ಟ, ಅಲ್ಲಲ್ಲಿ ಸುಕ್ಕು. ಮಗಳು ಎತ್ತಿಕೊಳ್ಳಲು ಹೋದರೆ ಅಕ್ಕ ತಡೆದಳು.

"ಇರು. ಸುಕ್ಕು ಸುಕ್ಕಾಗಿ ನನ್ನ ಅಂಗಡಿಯಿಂದ ಇವತ್ತಿನವರೆಗೆ ಒಂದು ಬಟ್ಟೆ ಹೋಗಿಲ್ಲ."

ಇಸ್ತ್ರಿಪೆಟ್ಟಿಗೆಯನ್ನು ಹೊಲಿಗೆಯ ಮೇಲೂ ಆ ತುಂಡಿನ ಮೇಲೂ ಒತ್ತಿ ಒತ್ತಿ ಎಳೆದಳು. ಡ್ರೈವರ್ ಒಂದು ತುದಿ, ಚಿಕ್ಕಪ್ಪ ಒಂದು ತುದಿ ಹಿಡಿದು ಅದನ್ನು ಬೀದಿ ದಾಟಿಸಿದರು. ಮಗಳು ಅಪ್ಪನ ಗಲ್ಲದಿಂದ ಕೆಳಕ್ಕೆ ಹೊದಿಸುತ್ತ ಬಂದಳು. ಮೊಣಕಾಲು ಮುಚ್ಚಿತು, ಪಾದ ಮುಚ್ಚಿತು, ಆಮೇಲೂ ಬಟ್ಟೆ ಉಳಿಯಿತು. ಅದನ್ನು ಪಾದದ ಕೆಳಗೆ ಮಡಚಿ ಸಿಕ್ಕಿಸಿದಳು.

ಅಲ್ಲಿ ತುಂಡಿನ ಮೇಲೆ ಇಸ್ತ್ರಿಪೆಟ್ಟಿಗೆಯದೇ ಆಕಾರದ ಒಂದು ಹಳೆಯ ಸುಟ್ಟ ಗುರುತಿತ್ತು. ಚಿಕ್ಕಪ್ಪ ಅದರ ಮೇಲೆ ಅಂಗೈ ಇಟ್ಟರು. ಬಟ್ಟೆ ಇನ್ನೂ ಬಿಸಿಯಾಗಿತ್ತು.