ನಗುವವರ ಸಾಲಿಗೆ ನೀರಿಲ್ಲ

“ಮುಚ್ಚೇ ಬಾಯಿ, ಮುಂಡೇದೇ! ಹೀಗೆ ಹಲ್ಲು ಕಿಸೀತೀರಲ್ಲ, ಅದಕ್ಕೇ ನಿಮಗೆ ನೀರು ನಿಂತಿದ್ದು!”

ಶಿಬಿರದ ಮೇಲ್ವಿಚಾರಕ ಖಾಲಿ ಕೊಡವನ್ನು ಒದ್ದ. ಅದು ಉರುಳಿ ಬಂದು, ಊರೆಲ್ಲ ಗಟವಾಣಿ ಎಂದೇ ಕರೆಯುವ ಹೆಂಗಸಿನ ಕಾಲಿಗೆ ಬಡಿಯಿತು. ಹೊಳೆ ಉಕ್ಕಿ ಮನೆ ಕೊಚ್ಚಿಕೊಂಡು ಹೋದಂದಿನಿಂದ ಅವಳಿಗೂ ಅವಳಂಥ ಕೂಲಿಯವರಿಗೂ ಈ ತಗಡಿನ ಶೆಡ್ಡುಗಳೇ ಗತಿ. ಇವರ ಶೆಡ್ಡುಸಾಲಿಗೆ ದಿನಾ ಬರುತ್ತಿದ್ದ ನೀರಿನ ಟ್ಯಾಂಕರ್ ಈಗ ವಾರಕ್ಕೊಮ್ಮೆ. ಒಳಗೆ ಮಗಳು ಹಸಿ ಬಾಣಂತಿ.

“ನಗೋದಕ್ಕೂ ನೀರಿಗೂ ಏನು ಸಂಬಂಧ ಸ್ವಾಮಿ?”

“ಅಧ್ಯಯನ ಆಗಿದೆ ಕಣೇ. ಈ ಸಾಲಿನವರು ಸುಖವಾಗಿದ್ದಾರೆ ಅಂತ ಸಾಬೀತಾಗಿದೆ. ಹೊರದೇಶದಲ್ಲಿ ಕೂತು ಈ ಶಿಬಿರಕ್ಕೆ ದುಡ್ಡು ಕೊಡೋ ದೊಡ್ಡೋರೇ ಒಪ್ಪಿದ್ದಾರೆ. ಇಲ್ಲ ಅನ್ನೋಕೆ ನೀನ್ಯಾವಳು?”

ಗಟವಾಣಿಗೆ ಆಗ ನೆನಪಾಯಿತು. ಹಿಂದಿನ ತಿಂಗಳು ಪ್ರಶ್ನೆ ಕೇಳುವ ಹುಡುಗಿಯೊಬ್ಬಳು ಬಂದು, “ವಾರದಲ್ಲಿ ಎಷ್ಟು ದಿನ ನಕ್ಕಿರಿ ಅಮ್ಮಾ?” ಎಂದಿದ್ದಳು. “ದಿನಾ ನಗ್ತೀವಿ ಕಣವ್ವಾ. ಅಳೋಕೆ ಕಣ್ಣಲ್ಲಾದ್ರೂ ನೀರು ಬೇಕಲ್ಲ!” ಎಂದಿದ್ದಳು ಇವಳು. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತ್ತು. ಪಾಪ, ಹುಡುಗಿ ಕೆಟ್ಟವಳಲ್ಲ. ಕೈಯಲ್ಲಿದ್ದ ಯಂತ್ರದಲ್ಲಿ ‘ದಿನಾ’ ಎಂಬುದನ್ನು ಒತ್ತಿಕೊಂಡಳು, ಮಿಕ್ಕಿದ್ದಕ್ಕೆ ಅದರಲ್ಲಿ ಜಾಗವಿರಲಿಲ್ಲ.

“ನಾಳೆ ಹೊರದೇಶದಿಂದ ದೊಡ್ಡ ಮೇಡಂ ಬರ್ತಾರೆ. ಎಲ್ಲ ಸರಿಯಾಗಿ ಅಳಬೇಕು. ಅತ್ತರೆ ಟ್ಯಾಂಕರ್, ಇಲ್ಲಾಂದ್ರೆ ಸಾಯಿರಿ,” ಎಂದು ಮೇಲ್ವಿಚಾರಕ ನಡೆದುಬಿಟ್ಟ.

ಸಂಜೆ ಅಳುವ ತಾಲೀಮು ನಡೆಯಿತು. ಗಟವಾಣಿಯ ಅತ್ತೆ ಎದೆ ಬಡಿದುಕೊಂಡು, “ಅಯ್ಯೋ ನನ್ನ ಗಂಡನೇ, ಬಿಟ್ಟು ಹೋದ್ಯಲ್ಲೋ!” ಎಂದು ರಾಗ ತೆಗೆದಳು. ಪಕ್ಕದಲ್ಲೇ ಬೀಡಿ ಸೇದುತ್ತಿದ್ದ ಮಾವ, “ಎಲ್ಲಿಗೆ ಹೋಗ್ಲಿ? ನೀನು ಬಿಟ್ರೆ ತಾನೇ!” ಎಂದ. ತಾಲೀಮು ಅಲ್ಲಿಗೆ ಮುಗಿಯಿತು. ಬಾಣಂತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಗಟವಾಣಿಗೆ ಮೈ ಉರಿಯಿತು. ನೀರು ಕೊಡಲಾಗದ ಮುಂಡೇವು ಅಳುವುದನ್ನು ಬೇರೆ ಹೇಳಿಕೊಡುತ್ತವೆಯೇ?

ಮರುದಿನ ಶಾಮಿಯಾನದ ಕೆಳಗೆ ಮೇಜು, ಮೇಜಿನ ಮೇಲೆ ಸಾಲಾಗಿ ನೀರಿನ ಬಾಟಲಿ. ಮೇಡಂ ಕೈಮುಗಿದು, ಬಾಯಿತುಂಬ ನಗುತ್ತ ಕೂತರು. ಪಕ್ಕದಲ್ಲಿ, ಹಿಂದೆ ಪ್ರಶ್ನೆ ಕೇಳಿದ್ದ ಅದೇ ಹುಡುಗಿ ಇವರ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸಿ ಹೇಳಲು ನಿಂತಿದ್ದಳು. ಮೇಲ್ವಿಚಾರಕ ಹಲ್ಲು ಕಚ್ಚಿಕೊಂಡು, “ಅಳೇ!” ಎಂದ.

ಗಟವಾಣಿ ಅಳಲಿಲ್ಲ. ಸೆರಗಿನಡಿಯಿಂದ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಕೂಸಿನ ಹೇಲುಬಟ್ಟೆಗಳು, ಒಗೆಯಲು ಹನಿ ನೀರಿಲ್ಲದೆ ಕೂಡಿಟ್ಟವು. ವಾಸನೆಗೆ ಮೇಲ್ವಿಚಾರಕ ಮೂಗು ಮುಚ್ಚಿಕೊಂಡ. ಅವಳು ಬಾಟಲಿಯೊಂದರ ಮುಚ್ಚಳ ತಿರುಗಿಸಿ ಗಳಗಳನೆ ಬಟ್ಟೆಯ ಮೇಲೆ ಸುರಿದಳು.

“ಏಯ್ ಲೌಡಿ! ಅದು ಮೇಡಂ ಕುಡಿಯೋ ನೀರು ಕಣೇ!”

“ಮೇಡಂ ನಗ್ತಾ ಇದ್ದಾರಲ್ಲ ಸ್ವಾಮಿ, ಅವರಿಗ್ಯಾಕೆ ನೀರು?”

ಹುಡುಗಿ ಆಡಿದ್ದನ್ನು ಆಡಿದಂತೆಯೇ ಮೇಡಂಗೆ ಹೇಳಿದಳು. ಮೇಡಂ ಮುಖದ ನಗು ಮಾಯವಾಯಿತು. ಹಿಂದೆ ನಿಂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕು ಮುಂದೆ ನುಗ್ಗಿ ಉಳಿದ ಬಾಟಲಿಗಳಿಗೆ ಕೈಹಾಕಿದರು. ಗಟವಾಣಿ ಬಟ್ಟೆಗಳನ್ನು ಹಿಂಡಿ, ಕೊಡವಿ, ಮೇಡಂ ಕಾರಿನ ಬಾನೆಟ್ಟಿನ ಮೇಲೆ ಒಂದೊಂದಾಗಿ ಹರವಿದಳು. ಬಿಸಿಲೂ ಚೆನ್ನಾಗಿತ್ತು.