ಕಂಬಳಿಯ ಮೇಲೆ ಹಾಸಿದ ಸೀರೆ

ಅಕ್ಕನ ಮದುವೆಯ ಜವಳಿ ತೆಗೆಯಲು ನನ್ನನ್ನು ಯಾದಗಿರಿಗೆ ಕರೆದುಕೊಂಡು ಹೋದದ್ದು ನಾನು ಬುದ್ಧಿವಂತೆ ಎಂದಲ್ಲ, ಬೆಳ್ಳಗಿದ್ದೇನೆ ಎಂದು. ಮದುಮಗಳು ತಾನೇ ಜವಳಿಗೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವಳ ಬದಲು ತಂಗಿಯನ್ನು ನಿಲ್ಲಿಸಿ, ಹೆಗಲ ಮೇಲೆ ಸೆರಗು ಹಾಕಿ ನೋಡಿ, ಗಂಡಿನವರು ಸೀರೆ ಆರಿಸುತ್ತಿದ್ದರು. ನಾನು ಆ ತಂಗಿ, ಬಾಲಮ್ಮ. ಆದರೆ ಅಕ್ಕ ಮಲಕಮ್ಮ ಕಪ್ಪು. ಸಾದಗಪ್ಪೂ ಅಲ್ಲ, ನಮ್ಮ ಹಿಂಡಿನ ಕರಿ ಕುರಿಯ ಕಪ್ಪು. ಬಿಸಿಲಿಗೆ ಅವಳ ಕೂದಲ ತುದಿ ಕೆಂಚಗಾಗಿತ್ತು, ಕಣ್ಣು ಜೇನಿನ ಬಣ್ಣ.

ಇದು ಗಂಡಿನವರಿಗೆ ಗೊತ್ತಿರಲಿಲ್ಲ. ಹತ್ತಿಕುಣಿಯಿಂದ ಹುಡುಗನ ತಾಯಿ ಗುರುಲಿಂಗಮ್ಮ ಹೆಣ್ಣು ನೋಡಲು ನಮ್ಮೂರು ಬಳಿಚಕ್ರಕ್ಕೆ ಬಂದಾಗ, ನಮ್ಮ ಸೋದರಮಾವ ಅಮೋಘಸಿದ್ದ ಅಕ್ಕನ ಮುಖಕ್ಕೆ ಪೌಡರ್ ಬಳಿಸಿ, ದೀಪದಿಂದ ದೂರ ಕೂರಿಸಿ, "ಗೋಧಿ ಬಣ್ಣ ನೋಡ್ರಿ ಹುಡುಗಿದು" ಎಂದುಬಿಟ್ಟಿದ್ದ. ಅಕ್ಕ ತಲೆಯನ್ನೇ ಎತ್ತಿರಲಿಲ್ಲ.

ಜವಳಿಗೆ ಹೊರಡುವಾಗ ಮಾಮ ನನಗೆ ಹೇಳಿದ. "ಅಲ್ಲಿ ಬಾಯಿ ಬಿಟ್ಟಿ ಅಂದ್ರ ಲಗ್ನ ಮುರೀತದ. ಗೊಂಬಿ ಹಂಗ ಸುಮ್ಮ ನಿಂದ್ರು."

ಅಕ್ಕ ಕುರಿದೊಡ್ಡಿಯ ತನಕ ಬಂದು ಮೆಲ್ಲಗೆ ಹೇಳಿದಳು. "ಬಾಲೀ, ಮಂದಿ ನನ್ನ ನೋಡಿ ನಗೂವಂಥ ಸೀರಿ ಮಾತ್ರ ಬ್ಯಾಡವಾ."

ಬಣ್ಣದ ವಿಚಾರದಲ್ಲಿ ನನಗೆ ಮೊದಲಿನಿಂದಲೂ ಒಂದು ಹುಚ್ಚು. ಬೇರೆಯವರ ಹಿಂಡಿನೊಂದಿಗೆ ಬೆರೆಯದಿರಲಿ ಎಂದು ಕುರಿಗಳ ಬೆನ್ನಿಗೆ ಗುರುತು ಹಾಕುತ್ತೇವಲ್ಲ, ಅಲ್ಲಿಂದ ಅದು ಹತ್ತಿಕೊಂಡಿತು. ಬಿಳಿ ಕುರಿಗೆ ಕೆಮ್ಮಣ್ಣು ಬಳಿದರೆ ಹರದಾರಿ ದೂರದಿಂದ ಕಾಣುತ್ತದೆ. ಅದೇ ಕೆಮ್ಮಣ್ಣು ಕರಿ ಕುರಿಯ ಮೇಲೆ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಸುಣ್ಣ ಹಚ್ಚಿದರೆ ಕುರಿಗೆ ರೋಗ ಬಂದಂತೆ ಕಾಣುತ್ತದೆ. ಒಮ್ಮೆ ಅರಿಸಿನ ಕಲಸಿ ಹಚ್ಚಿದೆ. ಗುರುತು ಮಾತ್ರವಲ್ಲ, ಕುರಿಯೇ ಎದ್ದು ಕಂಡಿತು. ಯಾಕೆ ಹೀಗೆ ಎಂದು ಅಪ್ಪನನ್ನು ಕೇಳಿದರೆ ಅರಿಸಿನ ಹಾಳು ಮಾಡಿದ್ದಕ್ಕೆ ಬೈದ. ಅಂದಿನಿಂದ ಕೈಗೆ ಸಿಕ್ಕ ಬಟ್ಟೆಯ ಚೂರನ್ನೆಲ್ಲ ಅಕ್ಕನ ಗಲ್ಲಕ್ಕೆ ಹಿಡಿದು ನೋಡುವುದು ನನಗೆ ಚಟವಾಯಿತು. ತಿಳಿ ಗುಲಾಬಿ ಹಿಡಿದರೆ ಅವಳ ಮುಖಕ್ಕೆ ಬೂದಿ ಮೆತ್ತಿದಂತಾಗುತ್ತಿತ್ತು.

ರಜಾಕಾರರ ಗದ್ದಲದ ವರ್ಷಗಳಲ್ಲಿ ಮದುವೆಗಳಿಗೆ ಸಿಕ್ಕ ಸೀರೆಯೇ ಸೀರೆ, ಆರಿಸುವ ಮಾತೇ ಇರಲಿಲ್ಲ. ನಿಜಾಮನ ಆಳ್ವಿಕೆ ಹೋಗಿ ಎರಡು ವರ್ಷವಾಗಿತ್ತು. ಯಾದಗಿರಿಯ ಸಂಗಣ್ಣ ಸಾಹುಕಾರನ ಅಂಗಡಿಗೆ ಸೊಲ್ಲಾಪುರದ ಮಾಲು ಬಂದು ಕಪಾಟಿನ ತುಂಬ ಬಣ್ಣ. ಗುರುಲಿಂಗಮ್ಮ ಹತ್ತು ಸೀರೆ ಕೊಡವಿಸಿ, ಕೊನೆಗೆ ನನ್ನ ಹೆಗಲಿಗೆ ಹಾಕಿದ್ದು ಅದೇ ತಿಳಿ ಗುಲಾಬಿಯನ್ನು.

"ಇದು ಚಂದ ಒಪ್ಪತದ. ಅಕ್ಕಗೂ ಒಪ್ಪತದಲ್ಲ?"

"ಇಬ್ಬರದೂ ಒಂದ ಬಣ್ಣರೀ ಬೀಗತಿ," ಎಂದ ಮಾಮ.

ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ಸುಳ್ಳು ಯಾಕೆ ಹೇಳಲಿ, ನಾನು ಚೆನ್ನಾಗಿ ಕಾಣುತ್ತಿದ್ದೆ. ಆ ಸೀರೆಯನ್ನೇ ಉಟ್ಟು ಅಕ್ಕ ಹಂದರದಲ್ಲಿ ಎಲ್ಲರೆದುರು ಕೂತಂತೆ ನೆನೆಸಿಕೊಂಡೆ. ಬಾಯಿ ಬಿಟ್ಟರೆ ಮದುವೆ ಹೋಗುತ್ತದೆ, ಬಿಡದಿದ್ದರೆ ಅಕ್ಕನ ಮಾನ ಹೋಗುತ್ತದೆ. ಮಾಮನ ಹೆಗಲ ಮೇಲಿದ್ದ ಕರಿ ಕಂಬಳಿಯನ್ನು ಎಳೆದು ಗಾದಿಯ ಮೇಲೆ ಹಾಸಿಬಿಟ್ಟೆ.

"ಅತ್ತೀ, ನನ್ನ ಮ್ಯಾಲ ಬ್ಯಾಡ್ರಿ. ಇದರ ಮ್ಯಾಲ ಹಾಕಿ ನೋಡ್ರಿ. ನಮ್ಮಕ್ಕ ಈ ಬಣ್ಣ ಅದಾಳ."

ಸಂಗಣ್ಣನ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. "ಹುಡುಗಿ ಚ್ಯಾಷ್ಟಿ ಮಾಡ್ತಾಳ್ರಿ," ಎಂದು ಮಾಮ ನಕ್ಕ.

ಗುರುಲಿಂಗಮ್ಮ ಅವನತ್ತ ತಿರುಗಲೂ ಇಲ್ಲ. ಕಂಬಳಿಯ ಮೇಲೆ ಅಂಗೈ ಆಡಿಸಿದಳು.

"ಕಣ್ಣು?" ಎಂದು ಕೇಳಿದಳು. "ನಾ ಬಂದಾಗ ಆಕಿ ತಲಿ ಎತ್ತಲಿಲ್ಲ."

"ಜೇನಿನ ಬಣ್ಣರೀ."

"ಕೂದಲಾ?"

"ತುದಿ ಕೆಂಚಗ ಅದಾವ್ರಿ."

ಆಗ ಅವಳು ಮಾಮನ ಕಡೆ ತಿರುಗಿದಳು. "ಸಂತ್ಯಾಗ ಕರಿ ಕುರಿಗೆ ಸುಣ್ಣ ಬಳದು ಎಂದಾರ ಮಾರೀಯೇನೋ?"

"ಇಲ್ರಿ."

"ಮತ್ತ ಹುಡುಗಿಗ್ಯಾಕ ಬಳದಿ? ಆಕಿ ಕರಿ ಅದಾಳ ಅಂದಿದ್ರ ಮುಗೀತಿತ್ತು. ಕಂಬಳಿಗೆ ಕರಿ ಉಣ್ಣೇನ ಹುಡುಕೋ ಮಂದಿ ನಾವು. ಸುಳ್ಳಿಗೆ ಸಿಟ್ಟು ಬರ್ತದ ನನಗ, ಬಣ್ಣಕ್ಕಲ್ಲ."

ಅವಳು ಗುಲಾಬಿಯನ್ನು ಕಂಬಳಿಯ ಮೇಲೆ ಹಾಸಿದಳು, ಮುಖ ಸಿಂಡರಿಸಿ ತೆಗೆದಳು. ನೀಲಿ ಹಾಸಿದಳು, ಅದು ಮುಳುಗಿಹೋಯಿತು. ಗಿಳಿಹಸಿರನ್ನು ಹತ್ತಿರದಿಂದ ನೋಡಿದಳು, ಬಾಗಿಲಿಗೆ ಹೋಗಿ ದೂರದಿಂದ ನೋಡಿದಳು. ಸೀರೆಗೆ ಉಣ್ಣೆಯ ಎಳೆ ಅಂಟುತ್ತದೆ ಎಂದು ಸಂಗಣ್ಣ ಮೊದಲು ಗೊಣಗಿದ. ಆಮೇಲೆ ಅವನಿಗೂ ಕುತೂಹಲ ಹತ್ತಿ, ಮೇಲಿನ ಕಪಾಟಿನಿಂದ ತಾನೇ ಒಂದನ್ನು ಇಳಿಸಿ ಹಾಸಿದ. ಒಣಗುತ್ತ ಬಂದ ಕುಸುಬಿ ಹೂವಿನ ಬಣ್ಣ, ಹಳದಿಯೊಳಗೆ ಕೆಂಪು. ಕಂಬಳಿ ಎಂಥ ಚೆಲುವಾಗಿ ಕಂಡಿತೆಂದರೆ ನಾವು ಮೂವರೂ ಅದರ ಮೇಲೆ ಬಾಗಿ ನೋಡಿದೆವು.

"ಕಣ್ಣಿಗೂ ಇದ ಕೂಡತದ," ಎಂದಳು ಗುರುಲಿಂಗಮ್ಮ.

ನಾನು ತಡೆಯಲಾರದೆ ಕೇಳಿದೆ. "ಅತ್ತೀ, ಲಗ್ನ ಅದ ಅಲ್ರಿ?"

"ಸೀರಿ ಆರಿಸಾಕತ್ತೀನಿ, ಕಾಣವಲ್ದೇನು?"

ಸೀರೆ ಗಂಡಿನವರ ಗಂಟಿನಲ್ಲಿ ಹತ್ತಿಕುಣಿಗೆ ಹೋಯಿತು. ನಾನು ಬರಿಗೈಯಲ್ಲಿ ಊರಿಗೆ ಬಂದಾಗ ಅಕ್ಕ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಸೀರೆಯ ಬಣ್ಣ ಯಾವುದೆಂದು ಕೇಳಲೇ ಇಲ್ಲ.

"ಅವರೂ ಕರಿ ಅಂದ್ರಾ?"

"ಅಂದ್ರು."

"ಹೆಂಗ ಅಂದ್ರು?"

ನಾನು ನೆನೆಸಿಕೊಂಡೆ. ಹುಟ್ಟಿದಾಗಿನಿಂದ ಆ ಮಾತನ್ನು ಅವಳು ತುಟಿ ಸೊಟ್ಟ ಮಾಡಿದವರ ಬಾಯಲ್ಲಿ ಕೇಳಿದ್ದಳು, ಇಲ್ಲವೆ ಕನಿಕರ ಪಡುವವರ ಬಾಯಲ್ಲಿ. ಗುರುಲಿಂಗಮ್ಮನ ದನಿಯಲ್ಲಿ ಎರಡೂ ಇರಲಿಲ್ಲ. ನೀರು ತಣ್ಣಗಿದೆ, ಜೋಳ ಬಿಳಿ ಇದೆ ಎಂದಂತೆ ಅಂದಿದ್ದಳು. ಹಾಗೇ ಅಂದು ತೋರಿಸಿದೆ.

"ಆಕಿ ಕರಿ ಅದಾಳ."

ಅಕ್ಕ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು.

"ಇನ್ನೊಮ್ಮಿ ಅನ್ನು," ಎಂದಳು.