ಯಾರಿಗೂ ಬೇಡದ ಮೊದಲ ಬಹುಮಾನ

ಚನ್ನಗಿರಿಯ ಬಟ್ಟೆ ಅಂಗಡಿ ಹಾಲೇಶಪ್ಪ ಎಲ್ಲಿಗೇ ಹೊರಟರೂ ಮೊದಲನೆಯ ಬಸ್ಸನ್ನು ಬಿಡುತ್ತಿದ್ದ, ರಶ್ಶು ಇರುತ್ತದೆ ಎಂದು. ಎರಡನೆಯದನ್ನೂ ಬಿಡುತ್ತಿದ್ದ, ಮೊದಲನೆಯದರಲ್ಲಿ ಜಾಗ ಸಿಗದವರೆಲ್ಲ ಅದರಲ್ಲಿರುತ್ತಾರೆ ಎಂದು. ಮೂರನೆಯದು ಅವನ ಲೆಕ್ಕದಂತೆಯೇ ಖಾಲಿ ಬರುತ್ತಿತ್ತು. ಅದು ಡಿಪೋಗೆ ಹೋಗುವ ಬಸ್ಸು.

ಇಂಥವನು ಹೊಲಿಗೆ ಮಿಷನ್ನು ಕೊಳ್ಳಲು ಹೊರಟ. ಹೆಂಡತಿ ಕಸ್ತೂರಮ್ಮ ಕೇರಿಯ ಹೆಂಗಸರ ರವಿಕೆಗಳನ್ನೆಲ್ಲ ಕೈಯಲ್ಲೇ ಹೊಲಿದು ಬೆರಳ ತುದಿಯನ್ನು ಜರಡಿ ಮಾಡಿಕೊಂಡಿದ್ದಳು. ಹಾಲೇಶಪ್ಪ ದಾವಣಗೆರೆಗೆ ಹೋಗಿ ಮಿಷನ್ನಿನ ಚಕ್ರ ತಿರುಗಿಸಿ ನೋಡಿ ಬಂದ. ಆರು ತಿಂಗಳು ಬಿಟ್ಟು ಹೋಗಿ, ಚಕ್ರ ಹಿಂದಕ್ಕೂ ತಿರುಗುತ್ತದೆಯೇ ಎಂದು ಪರೀಕ್ಷಿಸಿ ಬಂದ. ಹದಿನಾಲ್ಕನೆಯ ತಿಂಗಳಲ್ಲಿ ಮೂರನೆ ಸಲ ಹೋದಾಗ ಅದನ್ನು ಬೇರೆ ಯಾರೋ ಒಯ್ದಿದ್ದರು.

"ನೋಡಿದ್ಯಾ, ಎಷ್ಟು ಅವಸರದ ಜನ ಇರ್ತಾರೆ," ಎಂದು ಬರಿಗೈಯಲ್ಲಿ ಮನೆಗೆ ಬಂದು ಹೇಳಿದ.

ಕಸ್ತೂರಮ್ಮ ಕೂಗಾಡಲಿಲ್ಲ. ಟ್ರಂಕಿಗೆ ಸೀರೆ ತುಂಬಿದಳು. "ಹೊನ್ನಾಳಿಗೆ, ನಮ್ಮ ತಮ್ಮನ ಮನೆಗೆ ಹೊಂಟೀನಿ. ಮಿಷನ್ನು ಬರ್ಲಿ, ಅದರ ಹಿಂದೆ ನಾನೂ ಬರ್ತೀನಿ. ಅಲ್ಲೀಗಂಟ ನೀವು ಕುಂತು ಯೋಚ್ನೆ ಮಾಡ್ರಿ," ಎಂದು ಮೊದಲನೆಯ ಬಸ್ಸಿಗೇ ಹತ್ತಿದಳು.

ತಮ್ಮ ಬಸವರಾಜಪ್ಪನಿಗೆ ಹೊನ್ನಾಳಿಯಲ್ಲಿ ಅಕ್ಕಿ ಗಿರಣಿಯಿತ್ತು. ಒಂದು ಮಿಷನ್ನು ತಾನೇ ಕೊಡಿಸುತ್ತೇನೆಂದು ಅವನು ಬಾಯಿಬಿಟ್ಟಾಗ, "ತವರಿಂದ ಇಸ್ಕಳಾಕೆ ಹದಿನಾಲ್ಕು ತಿಂಗಳು ಕಾಯ್ಬೇಕಿತ್ತಾ?" ಎಂದು ಅಕ್ಕ ಅದನ್ನು ಮುಚ್ಚಿಸಿದಳು. ಮೂರು ವಾರ ಕಳೆಯಿತು. ಯುಗಾದಿ ಬಂತು.

ಆ ಕಡೆ ಯುಗಾದಿ ದಿನ ಇಸ್ಪೀಟು ಮುಟ್ಟದವನನ್ನು ವರ್ಷವಿಡೀ ಅನುಮಾನದಿಂದ ನೋಡುತ್ತಾರೆ. ಎಂಬತ್ತೊಂದನೆಯ ಇಸವಿಯ ಯುಗಾದಿಗೆ ಬಸವರಾಜಪ್ಪ ತನ್ನ ಗಿರಣಿಯ ಗೋದಾಮಿನಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಊರಿನವರನ್ನು ಸೇರಿಸಿ ರಮ್ಮಿ ಪಂದ್ಯಾವಳಿ ಇಟ್ಟ. ದುಡ್ಡು ಕಟ್ಟುವ ಆಟವಲ್ಲ, ಬಹುಮಾನದ ಆಟ ಎಂದು ಗೋದಾಮಿನ ಬಾಗಿಲಿಗೆ ದೊಡ್ಡದಾಗಿ ಬರೆಸಿದ್ದ. ಪೊಲೀಸರಿಗೂ ಓದಲು ಬರುತ್ತದಲ್ಲ. ಮೂರು ಬಹುಮಾನ. ಮೂರನೆಯದು ಗೋಡೆ ಗಡಿಯಾರ. ಎರಡನೆಯದು ಗಿರಣಿಯವರ ಸಂಘ ಕೊಟ್ಟ ಹೊಲಿಗೆ ಮಿಷನ್ನು. ಮೊದಲನೆಯದು ಜಗಳೂರಿನ ಕುರಿ ಮಂದೆಯ ಒಡೆಯ ಓಬಣ್ಣ ಕೊಟ್ಟ ಟಗರು.

ಆ ಟಗರಿನ ಹೆಸರು ಪಾಳೇಗಾರ. ಗೋದಾಮಿನ ಹೊರಗೆ ಅದನ್ನು ಬೇವಿನ ಮರಕ್ಕೆ ಎರಡು ಹಗ್ಗದಲ್ಲಿ ಕಟ್ಟಿದ್ದರು. ಬೆಳಿಗ್ಗೆ ಒಂಬತ್ತರೊಳಗೆ ಅದು ಒಂದು ಸೈಕಲ್ಲು, ಒಂದು ಹಾಲಿನ ಕ್ಯಾನು ಮತ್ತು ಅಧ್ಯಕ್ಷ ಭಾಷಣಕ್ಕೆ ಬಂದವರನ್ನು ಉರುಳಿಸಿತ್ತು.

"ಮಿಷನ್ನು ಬಿಟ್ಟು ಇದನ್ಯಾಕಪ್ಪ ಮೊದಲನೇದು ಮಾಡಿದ್ರಿ?" ಎಂದು ಯಾರೋ ಕೇಳಿದರು.

"ಮೂರರಾಗೆ ಜೀವ ಇರೋದು ಇದೊಂದಕ್ಕೇ ಅಲ್ವಾ?" ಎಂದ ಹೊನ್ನಾಳಿಯ ಬಳೆ ವ್ಯಾಪಾರಿ ಗನಿಸಾಬ. "ಇವತ್ತು ಸಂಜೀಗಂಟ ನಮಗೂ ಇದ್ರೆ ಸಾಕು."

ನಿಜ ಸಂಗತಿ ಓಬಣ್ಣನಿಗೆ ಗೊತ್ತಿತ್ತು. ಪಾಳೇಗಾರ ಅವನ ಇಬ್ಬರು ಅಳಿಯಂದಿರನ್ನು ಮಂಚ ಹಿಡಿಸಿತ್ತು. ಮಾರಲು ಹೋದರೆ ಸಂತೆಯವರೇ ಅದರ ಗುರುತು ಹಿಡಿದು ದೂರ ಸರಿಯುತ್ತಿದ್ದರು. ದಾನ ಕೊಡುವುದೊಂದೇ ಉಳಿದಿದ್ದ ದಾರಿ.

ಹಾಲೇಶಪ್ಪ ಬೆಳಗಿನ ಎರಡು ಬಸ್ಸು ಬಿಟ್ಟೂ ಹೇಗೋ ಸಮಯಕ್ಕೆ ಬಂದು ಹೆಸರು ಬರೆಸಿದ. ಅವನಿಗೆ ಬೇಕಾದದ್ದು ಎರಡನೆಯ ಬಹುಮಾನ. ಮೊದಲನೆಯದೂ ಅಲ್ಲ, ಮೂರನೆಯದೂ ಅಲ್ಲ. ಗೋದಾಮಿನ ಪಕ್ಕದಲ್ಲೇ ಇದ್ದ ತಮ್ಮನ ಮನೆಯ ಕಿಟಕಿಯಿಂದ ಕಸ್ತೂರಮ್ಮ ನೋಡಿದಳು; ಗಂಡ ಅತ್ತ ನೋಡಿದ ಕೂಡಲೇ ಕಿಟಕಿ ಮುಚ್ಚಿದಳು.

ಆಟದ ನಿಯಮ ಸರಳ. ತಲಾ ಹದಿಮೂರು ಎಲೆ. ಮೊದಲು ಜೋಡಿಸಿ 'ಶೋ' ಎಂದವನಿಗೆ ಸೊನ್ನೆ, ಉಳಿದವರಿಗೆ ಕೈಯಲ್ಲಿ ಜೋಡಿಯಾಗದೆ ಉಳಿದ ಎಲೆಗಳ ಬೆಲೆಯಷ್ಟು ಅಂಕ. ಅಂಕ ಏರುವುದು ಒಳ್ಳೆಯದಲ್ಲ: ನೂರೊಂದು ಮುಟ್ಟಿದವನು ಎದ್ದು ಹೋಗಬೇಕು. ಬಂದ ಎಲೆ ಹಿಡಿಸದಿದ್ದರೆ ಆಡುವ ಮೊದಲೇ ಮಡಚಿ ಇಡಬಹುದು. ಅದಕ್ಕೆ ಬರೀ ಇಪ್ಪತ್ತು. ಎಲ್ಲರೂ ಮಡಚಿದರೆ ಉಳಿದೊಬ್ಬ ಆಡದೆಯೇ ಗೆದ್ದಂತೆ.

ಹಾಲೇಶಪ್ಪನಿಗಾಗಿಯೇ ಮಾಡಿದ ನಿಯಮವಿದು. ಅವನು ಮಡಚಿದ, ಮತ್ತೆ ಮಡಚಿದ. ಶೋ ಆಗಿಯೇ ತೀರುತ್ತದೆ ಎನ್ನುವಂಥ ಎಲೆ ಬಂದಾಗ ಮಾತ್ರ, ಎರಡೆರಡು ಸಲ ಎಣಿಸಿ, ಆಡಿದ. ಶೂರರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮುಗಿದುಹೋದರು. ಬೆಳಿಗ್ಗೆ ಮೂವತ್ತೆರಡು ಜನರಿದ್ದವರು ಹೋಳಿಗೆ ಊಟದ ಹೊತ್ತಿಗೆ ನಾಲ್ವರಾದರು: ಹಾಲೇಶಪ್ಪ, ಓಬಣ್ಣ, ಗನಿಸಾಬ, ನ್ಯಾಮತಿಯ ಅಡಿಕೆ ವ್ಯಾಪಾರಿ ಶಿವಮೂರ್ತಪ್ಪ. ಹೊಸದಾಗಿ ಸೊನ್ನೆಯಿಂದ ಕಡೆಯ ಆಟ. ಬಹುಮಾನ ಮೂರು, ಜನ ನಾಲ್ಕು. ಒಬ್ಬನಿಗೆ ಮಾತ್ರ ಬರಿಗೈ.

ಆ ಒಬ್ಬ ತಾನಾಗಬಾರದು ಎಂಬ ಯೋಚನೆ ಮೂವರಿಗೂ ಒಟ್ಟಿಗೇ ಬಂತು. ಎಲೆ ಹಂಚಿದ್ದೇ ತಡ, "ಮಡಚಿದೆ" ಎಂದ ಶಿವಮೂರ್ತಪ್ಪ. "ನಂದೂ," ಎಂದ ಗನಿಸಾಬ. ಹಾಲೇಶಪ್ಪ ಆಗಲೇ ಮಡಚಿ ನೀರು ಕುಡಿಯುತ್ತಿದ್ದ. ಆಡದೆಯೇ ಓಬಣ್ಣ ಗೆದ್ದ. ಎರಡನೆಯ ಕೈಯೂ ಹಾಗೇ ಆಯಿತು.

ಓಬಣ್ಣ ಮೂವರ ಮುಖವನ್ನೂ ಸರದಿಯಂತೆ ನೋಡಿದ. ಅವನು ಜನ್ಮದಲ್ಲಿ ಎಲೆ ಮಡಚಿದವನಲ್ಲ. ಮೂರನೆಯ ಕೈ ಹಂಚಿದಾಗ ತನ್ನ ಹದಿಮೂರು ಎಲೆಯನ್ನು ಎತ್ತಲೇ ಇಲ್ಲ; ಅದರ ಮೇಲೆ ಎಲೆಅಡಿಕೆ ಸಂಚಿ ಇಟ್ಟು, ಸುಣ್ಣ ಹಚ್ಚುತ್ತಾ ಕುಳಿತ.

"ನೋಡಲ್ವೇನೋ ಓಬಣ್ಣ?" ಎಂದ ಅಂಕ ಬರೆಯುತ್ತಿದ್ದ ಬಸವರಾಜಪ್ಪ.

"ಯಾಕೆ ನೋಡ್ಲಿ? ಇವರು ಮೂರೂ ಜನ ನನ್ನ ಎಲೆಗೆ ಹೆದ್ರಾಕಿಲ್ಲ, ತಮ್ಮ ಎಲೆಗೇ ಹೆದ್ರತಾರೆ."

ಮೂವರೂ ಮಡಚಿದರು. ನಾಲ್ಕನೆಯ ಕೈಯಲ್ಲೂ ಮಡಚಿದರು. ಕರಿಹಲಗೆಯ ಮೇಲೆ ಮೂವರ ಹೆಸರಿನ ಮುಂದೆ ಎಂಬತ್ತು, ಎಂಬತ್ತು, ಎಂಬತ್ತು. ಓಬಣ್ಣನ ಮುಂದೆ ಸೊನ್ನೆ. ಎಲೆಯನ್ನು ನೋಡದೇ ಗೆದ್ದವನನ್ನು ನೋಡಲು ಜನ ಭತ್ತದ ಚೀಲಗಳ ಮೇಲೆ ಹತ್ತಿದರು.

"ಏ ಭಾವ, ಇನ್ನೊಂದು ಸಲ ಮಡಚಿದ್ರೆ ನೂರು. ಆಮೇಲೆ ಮಡಚಾಕೂ ಜಾಗ ಇರಾಕಿಲ್ಲ," ಎಂದು ಬಸವರಾಜಪ್ಪ ಎಚ್ಚರಿಸಿದ.

"ನೂರು ಅಂದ್ರೆ ನೂರೊಂದು ಅಲ್ವಲ್ಲ," ಎಂದ ಹಾಲೇಶಪ್ಪ; ಐದನೆಯ ಕೈಯನ್ನೂ ಮಡಚಿದ. ಗನಿಸಾಬನೂ ಮಡಚಿ ನೂರಕ್ಕೆ ಬಂದ. ಶಿವಮೂರ್ತಪ್ಪನಿಗೆ ಮಾತ್ರ ಎರಡು ಜೋಕರ್ ಬಂದಿದ್ದವು, ಆಸೆಯಾಗಿ ಕುಳಿತ. ಓಬಣ್ಣ ಆಗ ಸಂಚಿ ಎತ್ತಿ ಎಲೆ ಬಿಡಿಸಿದ, "ಅರೆ, ಇವು ಆಗ್ಲೇ ಜೋಡಿ ಆಗ್ಯಾವೆ!" ಎಂದು ಆಶ್ಚರ್ಯಪಟ್ಟ, ಎರಡನೆಯ ಸುತ್ತಿಗೆ ಶೋ ಹೊಡೆದ. ಶಿವಮೂರ್ತಪ್ಪನಿಗೆ ನಲವತ್ತಾರು ಅಂಕ ಬಿತ್ತು. ಅಷ್ಟು ಹೊತ್ತೂ ಮಡಚಿ ಮಡಚಿ ಕಾಯ್ದುಕೊಂಡವನು ಆಡಿದ ಒಂದೇ ಕೈಯಲ್ಲಿ ಹೊರಬಿದ್ದ. ಎದ್ದು ನೇರ ಹೊರಗೆ ಹೋದ. ಮರದ ಹತ್ತಿರ ಪಾಳೇಗಾರ ಅವನನ್ನು ಸಮಾಧಾನಪಡಿಸಿತು. ಕೂಗು ಕೇಳಿಸಿತು.

ಈಗ ಹಾಲೇಶಪ್ಪ ನೂರರಲ್ಲಿದ್ದ. ಅವನ ಬದುಕಿನಲ್ಲಿ ಇಂಥ ಸ್ಥಿತಿ ಬಂದಿರಲಿಲ್ಲ. ಮಡಚಿದರೆ ಗೋಡೆ ಗಡಿಯಾರ. ಸೋತರೂ ಗಡಿಯಾರ. ಕಾಯ್ದುಕೊಳ್ಳಲು ಏನೂ ಉಳಿದಿರಲಿಲ್ಲ. ಎಚ್ಚರಿಕೆ ಎಂಬ ಸಾಮಾನು ಒಮ್ಮೆಲೇ ಮುಗಿದುಹೋಗಿತ್ತು. ಎಲೆ ಬಿಡಿಸಿದ. ಕೆಟ್ಟ ಎಲೆ. ನಗು ಬಂತು.

"ಯಾಕ್ರೀ ಹಾಲೇಶಪ್ಪ, ಹುಷಾರೈತಾ?" ಎಂದ ಗನಿಸಾಬ.

"ಆಡ್ರಿ ಸಾಬ್ರೆ, ಹೊತ್ತಾಗ್ತೈತೆ!" ಎಂದ ಹಾಲೇಶಪ್ಪ. ಆ ಬಾಯಲ್ಲಿ ಈ ಮಾತು ಕೇಳಿ ಬಸವರಾಜಪ್ಪನ ಸೀಮೆಸುಣ್ಣ ಕೆಳಗೆ ಬಿತ್ತು.

ಇಸ್ಪೀಟಿನ ಗುಲಾಮನನ್ನು ಎಸೆದ, ರಾಜನನ್ನು ಎಸೆದ, ಕೆಳಗಿಂದ ಎತ್ತಿದ ಎಲೆಯನ್ನು ಯೋಚಿಸದೆ ಸಿಕ್ಕಿದ ಕಡೆ ಸಿಕ್ಕಿಸಿದ. ಏಳನೆಯ ಸುತ್ತಿಗೆ ಎಲ್ಲವೂ ಜೋಡಿಯಾಗಿ ಕುಳಿತವು. "ಶೋ!" ಎಂದದ್ದು ಗಿರಣಿಯ ತಗಡಿಗೆ ಬಡಿದು ವಾಪಸು ಬಂತು. ಗನಿಸಾಬ ಗಡಿಯಾರಕ್ಕೆ ಇಳಿದ. ಓಬಣ್ಣನಿಗೆ ಮೊದಲ ಸಲ ಅಂಕ ಬಿತ್ತು, ಮೂವತ್ತನಾಲ್ಕು.

ಕಿಟಕಿ ತೆರೆಯಿತು.

ಏಳನೆಯ ಕೈ. ಉಳಿದವರು ಇಬ್ಬರೇ, ಹಾಲೇಶಪ್ಪ ಅಲ್ಲೇ ಮಡಚಿದ್ದರೆ ಎರಡನೆಯ ಬಹುಮಾನ ಅವನದಾಗುತ್ತಿತ್ತು. ಅವನಿಗೆ ಅದು ನೆನಪೇ ಆಗಲಿಲ್ಲ. ತೋಳು ಮಡಿಸಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, "ಬಾರೋ ಜಗಳೂರು!" ಎಂದು ಮುಂದಕ್ಕೆ ಬಾಗಿದ. ನಾಲ್ಕನೆಯ ಸುತ್ತಿಗೆ ಶೋ. ಓಬಣ್ಣ ಕಟ್ಟಿನಿಂದ ಎತ್ತಿದ ಎಲೆಯನ್ನೇ ಎಸೆಯುತ್ತಾ ಕುಳಿತಿದ್ದ; ಸಂಚಿಯ ಕೆಳಗೆ ಮಲಗಿದ್ದ ಅವನ ಎಲೆಗಳನ್ನು ಎಣಿಸಿದರೆ ಐವತ್ತೆರಡು. ಒಟ್ಟು ಎಂಬತ್ತಾರು. ಚೀಲಗಳ ಮೇಲಿದ್ದವರು ಶಿಳ್ಳೆ ಹೊಡೆದರು. ಕಿಟಕಿಯಲ್ಲಿ ಕಸ್ತೂರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಭುಜ ಕುಣಿಯುತ್ತಿದ್ದವು.

ಬಸವರಾಜಪ್ಪ ಓಡಿ ಬಂದು ಕಿವಿಯಲ್ಲಿ ಕಿರುಚಿದ: "ಭಾವ, ಏನ್ ಮಾಡಾಕೆ ಹೊಂಟೀರಿ? ಗೆದ್ರೆ ಟಗರು! ನಾವು ಲಿಂಗ ಕಟ್ಟಿದೋರು, ಅದನ್ನೇನು ಪೂಜೆ ಮಾಡ್ತೀರಾ? ಮಡಚಿಬಿಡ್ರಿ, ಮಿಷನ್ನು ನಿಮ್ದು, ಅಕ್ಕ ನಿಮ್ಮ ಹಿಂದೆ."

ಹಾಲೇಶಪ್ಪನಿಗೆ ಆಗ ಜ್ಞಾನ ಬಂತು. ಎದುರಿಗೆ ಓಬಣ್ಣನಿಗೂ ಬಂತು. ಈಗ ಯಾರು ಮೊದಲು ಮಡಚಿದರೂ ಮಿಷನ್ನು ಅವರದು, ಉಳಿದವನಿಗೆ ಪಾಳೇಗಾರ. ಮೂರು ಹೊಳೆ ದಾಟಿಸಿ ತಂದ ಟಗರು ಮತ್ತೆ ತನ್ನ ಕೊಟ್ಟಿಗೆಗೇ ಬರುವುದನ್ನು ಓಬಣ್ಣ ಮನಸ್ಸಿನಲ್ಲೇ ಕಂಡು ಬೆವರಿದ. ಸಂಚಿಯನ್ನು ಎತ್ತಿ ಜೇಬಿಗಿಟ್ಟ. ಆದರೆ ಎಂಟನೆಯ ಕೈ ಹಂಚಿದವನು ಅವನೇ. ಮೊದಲ ಸರದಿ ಹಾಲೇಶಪ್ಪನದು.

"ಮಡಚಿದೆ" ಎಂದರೆ ಸಾಕು. ಬೆಳಗಿನಿಂದ ನಲವತ್ತು ಸಲ ಅಂದ ಮಾತು.

ಹಾಲೇಶಪ್ಪ ಕಿಟಕಿಯತ್ತ ನೋಡಿದ. ಕಸ್ತೂರಮ್ಮ ಇನ್ನೂ ನಗುತ್ತಲೇ ಇದ್ದಳು. ಆದರೆ ಗಂಡನ ತುಟಿ ಆ ಹಳೆಯ ಮಾತಿಗೆ ಅಣಿಯಾಗುತ್ತಿದ್ದುದನ್ನು ಕಂಡು ನಗು ಅರ್ಧಕ್ಕೆ ನಿಲ್ಲತೊಡಗಿತ್ತು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಆ ನಗುವನ್ನು ಹೀಗೆ ನಿಲ್ಲಿಸಿದ್ದು ಎಷ್ಟು ಸಲವೋ. ಅವನು ತುಟಿ ಮುಚ್ಚಿದ. ಕೈ ಚಾಚಿ ಕಟ್ಟಿನಿಂದ ಒಂದು ಎಲೆ ಎತ್ತಿಕೊಂಡ.

"ಮಡಚಿದೆ!" ಎಂದು ಓಬಣ್ಣ ಕೂಗಿದ್ದು ತುಂಗಭದ್ರೆಯ ಆಚೆ ದಡಕ್ಕೂ ಕೇಳಿಸಿರಬೇಕು. ಜನ್ಮದ ಮೊದಲ ಮಡಚು. ಮಡಚಿದವನೇ ಎದ್ದು ಹೋಗಿ, ಯಾರಾದರೂ ಮನಸ್ಸು ಬದಲಿಸುವ ಮೊದಲು ಮಿಷನ್ನನ್ನು ತಬ್ಬಿಕೊಂಡ. "ನಮ್ಮ ಸೊಸೆ ದ್ಯಾಮಮ್ಮ ಕೇಳ್ತಾನೇ ಇದ್ಲು," ಎಂದ ಕಣ್ಣಲ್ಲಿ ನೀರು ತುಂಬಿ.

ಟಗರಿನ ಹಗ್ಗ ಕೊಡುವಾಗ ಅವನು ಪ್ರಾಮಾಣಿಕನಾದ. "ಹಾಲೇಶಣ್ಣ, ಇದರ ಮುಂದೆ ನಿಂತ್ಕಬೇಡ್ರಿ. ಹಿಂದೇನೂ ನಿಂತ್ಕಬೇಡ್ರಿ."

"ಮತ್ತೆ ನೀವೆಲ್ಲಿ ನಿಂತ್ಕಂತಿದ್ರಿ?"

"ಮಾಳಿಗೆ ಮ್ಯಾಲೆ."

ಹಾಲೇಶಪ್ಪ ಹಗ್ಗ ಹಿಡಿದು, ಅಥವಾ ಹಗ್ಗ ಹಾಲೇಶಪ್ಪನನ್ನು ಹಿಡಿದು, ಬಸವರಾಜಪ್ಪನ ಮನೆಯ ಬಾಗಿಲಿಗೆ ಬಂತು. ಕಸ್ತೂರಮ್ಮ ಹೊಸ್ತಿಲ ಮೇಲೆ ನಿಂತಿದ್ದಳು.

"ಮಿಷನ್ನು ಬರ್ಲಿಲ್ಲ," ಎಂದ ತಲೆ ತಗ್ಗಿಸಿ.

"ಕಾಣ್ತೈತೆ."

"ಮಡಚಿದ್ರೆ ಬರ್ತಿತ್ತು."

"ಅದೂ ಗೊತ್ತು. ಯಾಕೆ ಮಡಚ್ಲಿಲ್ಲ?"

"ನೀನು ನಗ್ತಾ ಇದ್ದೆ."

ಕಸ್ತೂರಮ್ಮ ಬಹಳ ಹೊತ್ತು ಟಗರನ್ನೇ ನೋಡಿದಳು. ಟಗರು ಅವಳನ್ನು ನೋಡಿತು, ಮತ್ತು ಆ ದಿನ ಮೊದಲ ಬಾರಿಗೆ, ಒಂದು ಹೆಜ್ಜೆ ಹಿಂದೆ ಸರಿಯಿತು.

"ಟ್ರಂಕು ಬಾಗಿಲ ಹಿಂದೈತೆ, ಎತ್ಕಳ್ರಿ," ಎಂದಳು. "ನಾಲ್ಕರ ಬಸ್ಸು ಹೋದ್ರೆ ನೀವು ಮತ್ತೆ ಯೋಚ್ನೆ ಮಾಡಾಕೆ ಶುರು ಮಾಡ್ತೀರಿ."

ನಾಲ್ಕರ ಬಸ್ಸು ಬಂದಾಗ ಜನ ಏಣಿಯ ಮೇಲೂ ನೇತಾಡುತ್ತಿದ್ದರು. ಹಾಲೇಶಪ್ಪ ಅಭ್ಯಾಸಬಲದಿಂದ, "ಇದರ ಹಿಂದೆ ಇನ್ನೊಂದು…" ಎಂದು ಬಾಯಿ ತೆರೆದ. ಕಸ್ತೂರಮ್ಮ ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಪಾಳೇಗಾರನನ್ನು ಮುಂಬಾಗಿಲಿಗೆ ಹತ್ತಿಸಿದಳು. ಎರಡು ನಿಮಿಷದಲ್ಲಿ ಮೂರು ಸೀಟು ಖಾಲಿಯಾದವು, ಕಿಟಕಿಯ ಪಕ್ಕದ್ದೇ. ಕಂಡಕ್ಟರು ಚನ್ನಗಿರಿ ಬರುವವರೆಗೂ ಡ್ರೈವರನ ಮಗ್ಗುಲಲ್ಲೇ ನಿಂತಿದ್ದ. ಟಗರಿಗೆ ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು ಕೇಳಲು ಹಿಂದಕ್ಕೆ ಬರಲೇ ಇಲ್ಲ.